ಕಸಕ್ಕೆ ಶುಲ್ಕವನ್ನೂ ಕಟ್ಟಿ, ಬೇರ್ಪಡಿಸಿಯೂ ಕೊಡಬೇಕೆ?

ಪ್ರಶ್ನೆ: ಬೆಂಗಳೂರಿನ ರಾಜಾಜಿನಗರದಲ್ಲಿ ನಮ್ಮದೊಂದು ಸ್ವಂತ ಮನೆ ಇದೆ. ಕೆಳಗೆ ನಾವಿದ್ದೇವೆ, ಮೇಲೆ ಬಾಡಿಗೆದಾರರಿದ್ದಾರೆ. ಎರಡೂ ಸೇರಿ ಕಟ್ಟಡದ ವಿಸ್ತೀರ್ಣ 1,600 ಚದರ ಅಡಿ. 2025–26ನೇ ಸಾಲಿನ ಆಸ್ತಿ ತೆರಿಗೆಯ ಜೊತೆ ಘನತ್ಯಾಜ್ಯ ಬಳಕೆದಾರರ ಶುಲ್ಕವೆಂದು 1,200 ರೂಪಾಯಿ ಸೇರಿಸಿ ಕಟ್ಟಿಸಿಕೊಂಡರು. ಇಷ್ಟಾದ ಮೇಲೂ ಹಸಿ, ಒಣ ಎಂದು ಬೇರೆ ಮಾಡದಿದ್ದರೆ ಕಸದ ಆಟೋದವರು ಡಬ್ಬಿ ಮುಟ್ಟುವುದಿಲ್ಲ. ಒಣ ಕಸವನ್ನು ವಾರಕ್ಕೆ ಎರಡೇ ದಿನ ಒಯ್ಯುತ್ತಾರೆ. ಆಟೋ ಬರುವ ಹೊತ್ತಿಗೆ ಮೇಲಿನ ಮನೆಯವರು ಕೆಲಸಕ್ಕೆ ಹೊರಟಿರುತ್ತಾರೆ. ನಾವು ಬೇರೆ ಮಾಡಿ ಕೊಟ್ಟದ್ದನ್ನು ಕಣ್ಣೆದುರೇ ಒಂದೇ ಗಾಡಿಗೆ ಸುರಿಯುವುದನ್ನೂ ನೋಡಿದ್ದೇನೆ. ಮನೆಯಲ್ಲಿ ಹಾಸಿಗೆ ಹಿಡಿದಿರುವ ಅತ್ತೆಯವರಿಗೆ ಡಯಾಪರ್ ಹಾಕುತ್ತೇವೆ, ಇನ್ಸುಲಿನ್ ಸೂಜಿಯೂ ಇರುತ್ತದೆ. ಅವನ್ನು ಎಲ್ಲಿ ಹಾಕಬೇಕೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಈಗ ನಾಲ್ಕು ಡಬ್ಬಿ ಇಡಬೇಕೆಂಬ ಹೊಸ ನಿಯಮವೂ ಬಂದಿದೆಯಂತೆ. ತೆರಿಗೆ ಕಟ್ಟುವ ನಾವು ಈ ಶುಲ್ಕವನ್ನೇಕೆ ಕಟ್ಟಬೇಕು, ಕಟ್ಟಿದ ಮೇಲೂ ಈ ಕೆಲಸವನ್ನೆಲ್ಲ ನಾವೇ ಏಕೆ ಮಾಡಬೇಕು? ಬಾಡಿಗೆದಾರರಿಂದ ಶುಲ್ಕದ ಪಾಲನ್ನು ಕೇಳಬಹುದೇ?

ಉತ್ತರ: ಶುಲ್ಕವನ್ನು ಕಟ್ಟಬೇಕು, ಕಸವನ್ನು ಬೇರ್ಪಡಿಸಿಯೂ ಕೊಡಬೇಕು, ಒಂದನ್ನು ಮಾಡಿದ ಕಾರಣಕ್ಕೆ ಇನ್ನೊಂದರಿಂದ ವಿನಾಯಿತಿ ಸಿಗುವುದಿಲ್ಲ. ಆದರೆ ನಿಮ್ಮ ಅಸಮಾಧಾನಕ್ಕೆ ಆಧಾರವೇ ಇಲ್ಲವೆಂದು ನಾನು ಹೇಳಲಾರೆ. ಈಗಿನ ಏರ್ಪಾಟಿನಲ್ಲಿ ಶುಲ್ಕ ನಿಗದಿಯಾಗುವುದು ಮನೆಯ ಅಳತೆಯ ಮೇಲೆ. ನೀವು ಎಷ್ಟು ಕಸ ಹಾಕುತ್ತೀರಿ, ಅದನ್ನು ಹೇಗೆ ಕೊಡುತ್ತೀರಿ ಎಂಬುದಕ್ಕೂ ಕಟ್ಟುವ ಹಣಕ್ಕೂ ಸಂಬಂಧವಿಲ್ಲ. ಹೀಗಾಗಿ ಬೇರ್ಪಡಿಸುವ ನಿಯಮವನ್ನು ಜೀವಂತವಾಗಿಡುವ ಹೊಣೆಯೆಲ್ಲ ಬೆಳಿಗ್ಗೆ ನಿಮ್ಮ ಗೇಟಿನ ಮುಂದೆ ನಡೆಯುವ ಅರ್ಧ ನಿಮಿಷದ ವ್ಯವಹಾರದ ಮೇಲೆ ಬಿದ್ದಿದೆ. ಮಿಕ್ಸ್ ಕಸ ಬೇಡವೆಂದು ಆಟೋದವರು ಹೇಳುವುದು ನಿಮಗೆ ದರ್ಪವಾಗಿ ಕಂಡಿರಬಹುದು. ಆದರೆ ಇಡೀ ವ್ಯವಸ್ಥೆಯಲ್ಲಿ ನಿಜವಾಗಿ ಪರಿಣಾಮ ಬೀರುವ ನಿಯಂತ್ರಣ ಅದೊಂದೇ ಎಂಬುದು ನನ್ನ ಅಭಿಪ್ರಾಯ. ಮುಂದಿನ ಮಾತುಗಳನ್ನು ಈ ದೃಷ್ಟಿಯಿಂದಲೇ ಓದಬೇಕೆಂದು ಕೋರುತ್ತೇನೆ.

ಮೊದಲು ಶುಲ್ಕದ ವಿಚಾರ. ಮನೆಯ ಕಸವನ್ನು ನಗರಗಳು ಹೇಗೆ ಸಂಗ್ರಹಿಸಬೇಕೆಂಬುದಕ್ಕೆ ದೇಶದಲ್ಲಿ ಮೊದಲ ಬಾರಿಗೆ ನಿಯಮ ರೂಪುಗೊಂಡದ್ದು 2000ದಲ್ಲಿ; ಬೆಂಗಳೂರಿನವರೇ ಆದ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಅರ್ಜಿ ಅದಕ್ಕೆ ಕಾರಣವಾಯಿತು. ಆ ನಿಯಮಗಳ ಜಾಗದಲ್ಲಿ ಬಂದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಎರಡು ಮಾತುಗಳನ್ನು ಸ್ಪಷ್ಟವಾಗಿ ಹೇಳಿದವು: ಕಸ ಉತ್ಪಾದಿಸುವ ಪ್ರತಿಯೊಬ್ಬರೂ ಅದನ್ನು ಬೇರ್ಪಡಿಸಿ ಕೊಡಬೇಕು, ಮತ್ತು ಸ್ಥಳೀಯ ಸಂಸ್ಥೆ ತನ್ನ ಉಪವಿಧಿಗಳಲ್ಲಿ ಗೊತ್ತುಪಡಿಸಿದ ಬಳಕೆದಾರರ ಶುಲ್ಕವನ್ನು ಕಟ್ಟಬೇಕು. ಬೆಂಗಳೂರಿನ ಪಾಲಿಕೆ ತನ್ನ ಉಪವಿಧಿಗಳನ್ನು 2020ರಲ್ಲಿ ಹೊರಡಿಸಿತು. ಆದರೂ ವಸತಿ ಕಟ್ಟಡಗಳಿಂದ ಈ ಶುಲ್ಕವನ್ನು ಆಸ್ತಿ ತೆರಿಗೆಯೊಡನೆ ವಸೂಲಿ ಮಾಡಲು ತೊಡಗಿದ್ದು 2025ರ ಏಪ್ರಿಲ್ 1ರಿಂದ. ಅಂದರೆ ನಿಮಗೆ ಹೊಸದಾಗಿ ಕಂಡ ಹೊರೆಯ ಬೀಜ 2016ರಷ್ಟು ಹಳೆಯದು.

ದರದ ಹಂತಗಳು ಹೀಗಿವೆ. 600 ಚದರ ಅಡಿಯವರೆಗಿನ ಮನೆಗೆ ತಿಂಗಳಿಗೆ 10 ರೂಪಾಯಿ, 1,000 ಚದರ ಅಡಿಯವರೆಗೆ 50, 2,000ದವರೆಗೆ 100, 3,000ದವರೆಗೆ 150, 4,000ದವರೆಗೆ 200, ಅದಕ್ಕೂ ಮೇಲ್ಪಟ್ಟರೆ 400 ರೂಪಾಯಿ. ನಿಮ್ಮ 1,600 ಚದರ ಅಡಿಗೆ ತಿಂಗಳಿಗೆ 100ರಂತೆ ವರ್ಷಕ್ಕೆ 1,200 ಆಗುವುದರಿಂದ ರಸೀದಿಯಲ್ಲಿ ಲೆಕ್ಕದ ತಪ್ಪಿಲ್ಲ.

ತೆರಿಗೆ ಇರುವಾಗ ಶುಲ್ಕವೇಕೆ ಎಂದು ಕೇಳಿದ್ದೀರಿ. ತೆರಿಗೆಯೆಂಬುದು ಪಾಲಿಕೆಯ ಬೊಕ್ಕಸಕ್ಕೆ ಸೇರಿ ರಸ್ತೆ, ದೀಪ, ಉದ್ಯಾನ ಹೀಗೆ ಯಾವುದಕ್ಕಾದರೂ ಖರ್ಚಾಗಬಹುದಾದ ಹಣ. ಅದಕ್ಕೆ ಪ್ರತಿಯಾಗಿ ಇಂಥದೇ ಸೇವೆ ಬೇಕೆಂದು ಕೇಳುವ ಹಕ್ಕು ನಿಮಗಿರುವುದಿಲ್ಲ. ಶುಲ್ಕವಾದರೋ ಒಂದು ನಿರ್ದಿಷ್ಟ ಸೇವೆಯ ಹೆಸರಿನಲ್ಲಿ ಪಡೆದದ್ದು. ಕೊಟ್ಟ ಪ್ರತಿ ರೂಪಾಯಿಗೂ ಸರಿತೂಗುವ ಸೇವೆಯನ್ನು ಲೆಕ್ಕ ಹಾಕಿ ತೋರಿಸಬೇಕಾಗಿಲ್ಲ, ಹಣಕ್ಕೂ ಸೇವೆಗೂ ಸಾಮಾನ್ಯವಾದ ಸಂಬಂಧವಿದ್ದರೆ ಸಾಕು ಎಂದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ, ನಿಜ. ಹಾಗಿದ್ದರೂ ಆ ಸಂಬಂಧ ಇರಲೇಬೇಕು. ಆದ್ದರಿಂದ ಆಟೋ ವಾರಗಟ್ಟಲೆ ಬಾರದಿದ್ದಾಗ ತೆರಿಗೆದಾರರಾಗಿ ದೂರುವುದಕ್ಕಿಂತ ಶುಲ್ಕ ಕಟ್ಟಿದವರಾಗಿ ದೂರುವುದಕ್ಕೆ ಹೆಚ್ಚು ತೂಕವಿದೆ, ಮತ್ತು ಆ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಅಳತೆಯ ಮೇಲೆ ಶುಲ್ಕ ಹಾಕುವ ಕ್ರಮದಲ್ಲಿ ನನಗೆ ಕಾಣುವ ದೋಷವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. 1,800 ಚದರ ಅಡಿಯ ಮನೆಯಲ್ಲಿ ಇಬ್ಬರೇ ವೃದ್ಧರಿದ್ದು, ಅಡುಗೆಮನೆಯ ಸಿಪ್ಪೆಯನ್ನೆಲ್ಲ ತಾರಸಿಯ ಕುಂಡಗಳಲ್ಲೇ ಗೊಬ್ಬರ ಮಾಡಿಕೊಂಡರೂ ಅವರು 100 ರೂಪಾಯಿ ಕಟ್ಟಬೇಕು. 900 ಚದರ ಅಡಿಯಲ್ಲಿ ಆರು ಜನರಿದ್ದು ದಿನವೂ ಹೊರಗಿನ ಊಟದ ಪೊಟ್ಟಣ ತರಿಸುವ ಮನೆಗೆ 50 ರೂಪಾಯಿ. ದಕ್ಷಿಣ ಕೊರಿಯಾ 1995ರಲ್ಲೇ ಕಸದ ಪ್ರಮಾಣಕ್ಕೆ ತಕ್ಕಂತೆ ಹಣ ಕೊಡುವ ಪದ್ಧತಿಯನ್ನು ದೇಶದಾದ್ಯಂತ ತಂದು, ಪಾಲಿಕೆ ಮಾರುವ ಚೀಲದಲ್ಲಿ ಮಾತ್ರ ಕಸ ಹಾಕಬೇಕೆಂದು ಮಾಡಿತು. ಬೆಂಗಳೂರಿನಲ್ಲಿ ಅದನ್ನು ಈಗಲೇ ತಂದರೆ ಚೀಲದ ಹಣ ಉಳಿಸಲೆಂದು ಜನ ಖಾಲಿ ಸೈಟಿಗೋ ರಾಜಕಾಲುವೆಗೋ ಕಸ ಎಸೆಯುವುದು ಖಂಡಿತವಾದ್ದರಿಂದ, ಸದ್ಯಕ್ಕೆ ವಿಸ್ತೀರ್ಣದ ಲೆಕ್ಕವನ್ನು ನಾನು ಸಹಿಸಿಕೊಳ್ಳುತ್ತೇನೆ. ಆದರೆ ದರದ ಹಂತಗಳಲ್ಲಿ ಕಸ ಕಡಿಮೆ ಮಾಡಿದವರಿಗೆ ಕಾಸಿನ ಪ್ರತಿಫಲವೂ ಕಾಣದಿರುವುದು ನೀತಿಯ ಕೊರತೆಯೇ ಸರಿ.

ಇನ್ನು ಬೇರ್ಪಡಿಸುವ ಕೆಲಸ ನಮಗೇಕೆ ಎಂಬ ಪ್ರಶ್ನೆ. ಇದಕ್ಕೆ ಉತ್ತರ ಮಾವಳ್ಳಿಪುರ ಮತ್ತು ಮಂಡೂರುಗಳಲ್ಲಿದೆ. ನಗರದ ಮಿಶ್ರ ಕಸವನ್ನೆಲ್ಲ ವರ್ಷಗಟ್ಟಲೆ ಸುರಿದದ್ದು ಹೊರವಲಯದ ಇಂಥ ಹಳ್ಳಿಗಳ ಪಕ್ಕದಲ್ಲಿ. ಕೊಳೆತ ಕಸದಿಂದ ಇಳಿಯುವ ಕಪ್ಪು ನೀರು ಕೆರೆಗೂ ಬಾವಿಗೂ ಸೇರಿ, ನೊಣ ಮತ್ತು ದುರ್ನಾತದ ನಡುವೆ ಬದುಕಲಾಗದೆ ಅಲ್ಲಿನವರು ಲಾರಿಗಳನ್ನು ತಡೆದರು. 2012ರಲ್ಲಿ ಮಾವಳ್ಳಿಪುರ ಮುಚ್ಚಿದಾಗ ಬೆಂಗಳೂರಿನ ಬೀದಿಬೀದಿಯಲ್ಲಿ ಕಸದ ರಾಶಿ ಬಿದ್ದದ್ದು ನಿಮಗೆ ನೆನಪಿರಬಹುದು. ಅದೇ ವರ್ಷದ ಅಕ್ಟೋಬರ್ 1ರಿಂದ ಮೂಲದಲ್ಲೇ ಬೇರ್ಪಡಿಸುವುದನ್ನು ಪಾಲಿಕೆ ಕಡ್ಡಾಯಗೊಳಿಸಿತು. ಬಳಿಕ ಹೊರೆಯೆಲ್ಲ ಮಂಡೂರಿಗೆ ಹೋಗಿ, ಅಲ್ಲಿಯ ಜನರ ಹೋರಾಟದಿಂದಾಗಿ 2014ರ ಡಿಸೆಂಬರ್ 1ರಿಂದ ಅದೂ ನಿಂತಿತು. ಆಮೇಲೆ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಕಲ್ಲು ಕ್ವಾರಿಗಳ ಸರದಿ ಬಂತು. ಕಸವನ್ನು ಎತ್ತಿ ಊರಾಚೆ ಹಾಕುವುದೇ ಪಾಲಿಕೆಯ ಕೆಲಸವೆಂದು ನಾವು ತಿಳಿದಿದ್ದ ಕಾಲದಲ್ಲಿ ಅದರ ಬೆಲೆಯನ್ನು ತೆತ್ತವರು ಬೇರೆ ಊರಿನವರು.

ಬೇರ್ಪಡಿಸಿದರೆ ಏನು ಬದಲಾಗುತ್ತದೆ ಎಂಬುದು ತೂಕದ ಲೆಕ್ಕ. ನಮ್ಮ ಮನೆಗಳ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹಸಿ ಕಸವೇ ಆಗಿದ್ದು, ಅದರಲ್ಲಿ ಹೆಚ್ಚಿನದು ನೀರು. ಅದು ಪ್ಲಾಸ್ಟಿಕ್ಕಿನೊಳಗೆ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಅನಿಲವೂ ಆ ಕಪ್ಪು ನೀರೂ ಹುಟ್ಟುತ್ತವೆ. ಗಾಳಿಯಾಡುವಂತೆ ಕೊಳೆತರೆ ಗೊಬ್ಬರವಾಗುತ್ತದೆ. ಒಣ ಕಸಕ್ಕೆ ಹಸಿ ಸೇರಿದರೆ ಕಾಗದ, ರಟ್ಟುಗಳೆಲ್ಲ ನೆನೆದು ಬೆಲೆ ಕಳೆದುಕೊಳ್ಳುತ್ತವೆ. ಬಿಡದಿಯಲ್ಲಿ ಕಟ್ಟಿರುವ 11.5 ಮೆಗಾವಾಟ್ ಸಾಮರ್ಥ್ಯದ ಕಸದಿಂದ ವಿದ್ಯುತ್ ತಯಾರಿಸುವ ಸ್ಥಾವರದಂತಹ ಕಡೆಗೂ ಒಣಗಿದ, ಉರಿಯುವ ಕಸವೇ ಬೇಕು. ಒದ್ದೆ ಕಸ ಹಾಕಿದರೆ ಉರಿಯ ಶಾಖವೆಲ್ಲ ನೀರನ್ನು ಆವಿ ಮಾಡುವುದರಲ್ಲೇ ಕಳೆದುಹೋಗುತ್ತದೆ. ಬೇರ್ಪಡಿಸುವಿಕೆಯನ್ನು ಸ್ಥಾವರದಲ್ಲಿ ಯಂತ್ರಗಳಿಂದ ಮಾಡಬಾರದೇ ಎಂದು ಹಲವರು ಕೇಳುತ್ತಾರೆ. ಜಾಲರಿಗಳ ಮೂಲಕ ಜಾಲಿಸಿ ದೊಡ್ಡ ತುಂಡುಗಳನ್ನು ತೆಗೆಯಬಹುದು. ಶ್ಯಾಂಪೂ ಸ್ಯಾಷೆಯ ಚೂರು, ಗಾಜಿನ ಪುಡಿ, ಬ್ಯಾಟರಿಯಿಂದ ಸೋರಿದ ರಾಸಾಯನಿಕಗಳನ್ನು ತೆಗೆಯಲಾಗದು. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮದ ಕಾಲದಿಂದಲೂ ನಗರದ ಗೊಬ್ಬರಕ್ಕೆ ಇರುವ ತೊಡಕು ಇದೇ: ಗಾಜು ಮತ್ತು ಪ್ಲಾಸ್ಟಿಕ್ ಚೂರುಗಳು ಬೆರೆತ ಗೊಬ್ಬರವನ್ನು ಬರಿಗಾಲಲ್ಲಿ ಗದ್ದೆಗಿಳಿಯುವ ರೈತ ಪುಕ್ಕಟೆ ಕೊಟ್ಟರೂ ಒಲ್ಲೆನೆನ್ನುತ್ತಾನೆ.

ಕಣ್ಣೆದುರೇ ಒಂದೇ ಗಾಡಿಗೆ ಸುರಿದರು ಎಂದಿದ್ದೀರಿ. ನಾನು ಕೇಳುವ ದೂರುಗಳಲ್ಲಿ ಇದರಷ್ಟು ಸಾಮಾನ್ಯವಾದದ್ದು ಇನ್ನೊಂದಿಲ್ಲ, ಮತ್ತು ಇದನ್ನು ಸುಳ್ಳೆಂದು ತಳ್ಳಿಹಾಕುವ ಅಧಿಕಾರಿಗಳ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಹೊರಗಿನಿಂದ ಒಂದೇ ಎಂದು ಕಾಣುವುದರಲ್ಲಿ ಬೇರೆ ಬೇರೆ ಸಂಗತಿಗಳಿವೆ. ಆಟೋ ಟಿಪ್ಪರಿನ ದೊಡ್ಡ ತೊಟ್ಟಿ ಹಸಿ ಕಸಕ್ಕೆ ಮೀಸಲು. ಅದರ ಪಕ್ಕಕ್ಕೋ ಹಿಂಭಾಗಕ್ಕೋ ಕಟ್ಟಿದ ಗೋಣಿಚೀಲಗಳಲ್ಲಿ ಬಾಟಲಿ, ರಟ್ಟು, ಹಾಲಿನ ಕವರುಗಳನ್ನು ಸಹಾಯಕರು ಬೇರೆಯಾಗಿ ಹಾಕಿಕೊಳ್ಳುತ್ತಾರೆ. ಒಣ ಕಸದ ದಿನವಲ್ಲದ ದಿನ ನೀವು ಒಣ ಚೀಲವನ್ನೂ ಕೊಟ್ಟರೆ ಅದರಿಂದ ಮಾರಲಾಗುವ ನಾಲ್ಕು ವಸ್ತುಗಳನ್ನು ಆರಿಸಿಕೊಂಡು ಉಳಿದದ್ದನ್ನು ಹಸಿ ತೊಟ್ಟಿಗೇ ಎಸೆಯುವುದುಂಟು. ಇದು ತಪ್ಪೇ, ಆದರೆ ಆ ದಿನ ಆ ಚೀಲವನ್ನು ಕೊಡದಿರುವುದೇ ಅದಕ್ಕೆ ಪರಿಹಾರ. ಇನ್ನೊಂದು ಸಂದರ್ಭದಲ್ಲಿ ಒಣ ಕಸದ ಗಾಡಿಯೇ ಕೆಟ್ಟು ನಿಂತಿರುತ್ತದೆ, ಅಥವಾ ಗುತ್ತಿಗೆದಾರ ಗಾಡಿಯನ್ನೇ ಕಡಿಮೆ ಮಾಡಿರುತ್ತಾನೆ, ಮತ್ತು ಇರುವ ಒಂದೇ ಆಟೋ ಎರಡನ್ನೂ ಹೊರುತ್ತದೆ. ಇದು ಸಂಪೂರ್ಣವಾಗಿ ಆಡಳಿತದ ಲೋಪ. ಮೂರನೆಯದು ನೆರೆಹೊರೆಯ ಪಾಲು. ಒಂದು ಆಟೋಗೆ ಸುಮಾರು 750 ಮನೆ ಎಂಬುದು ಬೆಂಗಳೂರಿನಲ್ಲಿ ಇಟ್ಟುಕೊಂಡಿರುವ ಲೆಕ್ಕ. ಅಷ್ಟರಲ್ಲಿ ನೂರು ಮನೆಯವರು ಕಪ್ಪು ಕವರಿನಲ್ಲಿ ಎಲ್ಲವನ್ನೂ ಕಟ್ಟಿ ಕೊಟ್ಟರೆ, ಉಳಿದವರು ಬೇರೆ ಮಾಡಿ ಕೊಟ್ಟದ್ದೂ ಅದರೊಂದಿಗೆ ಕಾಂಪ್ಯಾಕ್ಟರ್ ಲಾರಿಗೆ ಬಿದ್ದು, ಅಲ್ಲಿ ಒತ್ತಡಕ್ಕೆ ಸಿಕ್ಕಿ ಒಂದೇ ಮುದ್ದೆಯಾಗುತ್ತದೆ.

ಒಂದೇ ಮನೆಯ ಮಿಶ್ರ ಕಸವನ್ನು ಒಪ್ಪಿಕೊಂಡರೂ ಅಕ್ಕಪಕ್ಕದವರ ಶ್ರಮ ವ್ಯರ್ಥವಾಗುವುದು ಹೀಗೆ. ದಂಡ ಹಾಕಲು ಮಾರ್ಷಲ್ಲರಿದ್ದಾರೆ, ಆದರೆ ಪ್ರತಿ ಗೇಟಿನ ಮುಂದೆ ಪ್ರತಿ ಬೆಳಿಗ್ಗೆ ನಿಲ್ಲಲು ಅವರಿಂದಾಗದು. ಶುಲ್ಕದಲ್ಲಿ ಹೆಚ್ಚುಕಡಿಮೆ ಇಲ್ಲ. ಉಳಿದದ್ದು ಡಬ್ಬಿಯನ್ನು ನೋಡಿ ಬೇಡವೆನ್ನುವ ಆ ಕೆಲಸಗಾರನ ಮಾತು ಮಾತ್ರ. ಅವನ ಸ್ಥಿತಿಯನ್ನೂ ಸ್ವಲ್ಪ ಗಮನಿಸಬೇಕು. ರಸ್ತೆ ಗುಡಿಸುವ ಪೌರಕಾರ್ಮಿಕರಲ್ಲಿ 12,692 ಮಂದಿಗೆ 2025ರ ಮೇ 1ರಂದು ಖಾಯಂ ನೇಮಕಾತಿಯ ಆದೇಶ ಸಿಕ್ಕಿತು. ಮನೆಮನೆಯ ಕಸ ಎತ್ತುವ ಆಟೋ ಚಾಲಕರು ಮತ್ತು ಸಹಾಯಕರ ಕೆಲಸ ಮಾತ್ರ ಗುತ್ತಿಗೆದಾರರ ಕೈಕೆಳಗೇ ಉಳಿಯಿತು. ಇಬ್ಬರನ್ನೂ ಒಂದೇ ಎಂದುಕೊಂಡು ಗುಡಿಸಲು ಬಂದ ಹೆಂಗಸಿನ ಕೈಗೆ ಮನೆಯ ಕಸದ ಚೀಲವನ್ನೂ, ಜೊತೆಗೆ ಹತ್ತು ರೂಪಾಯಿಯನ್ನೂ ಕೊಡುವವರಿದ್ದಾರೆ. ಆ ಚೀಲ ಕೊನೆಗೆ ಸೇರುವುದು ರಸ್ತೆಯ ತಿರುವಿನ ರಾಶಿಯನ್ನು. ಬೇರ್ಪಡಿಸದ ಕಸವನ್ನು ಒಪ್ಪಿಕೊಳ್ಳಲೆಂದು ಆಟೋದವರಿಗೆ ಹಬ್ಬದ ಹೊತ್ತಿನಲ್ಲಿ ಕೈಬೆಚ್ಚಗೆ ಮಾಡುವುದೂ ಇದೇ ಜಾತಿಗೆ ಸೇರಿದ್ದು. ದಯವಿಟ್ಟು ಅದನ್ನು ಮಾಡಬೇಡಿ.

ನಿಮ್ಮ ಅತ್ತೆಯವರ ಡಯಾಪರಿನ ವಿಚಾರದಲ್ಲಿ ಒಬ್ಬೊಬ್ಬರು ಒಂದೊಂದು ಹೇಳುವುದಕ್ಕೆ ಕಾರಣವಿದೆ. 2016ರ ಕೇಂದ್ರ ನಿಯಮ, ಬಳಸಿದ ಡಯಾಪರ್ ಮತ್ತು ಸ್ಯಾನಿಟರಿ ಪ್ಯಾಡುಗಳನ್ನು ಭದ್ರವಾಗಿ ಸುತ್ತಿ ಒಣ ಕಸದ ಡಬ್ಬಿಯಲ್ಲೇ ಹಾಕಬೇಕೆಂದಿತ್ತು. ಬೆಂಗಳೂರಿನಲ್ಲಾದರೆ 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಕಡ್ಡಾಯಗೊಳಿಸಿದ ‘ಎರಡು ಡಬ್ಬಿ, ಒಂದು ಚೀಲ’ದ ಪದ್ಧತಿ ಮೊದಲೇ ಇತ್ತು: ಹಸಿ ಕಸಕ್ಕೆ ಹಸಿರು ಡಬ್ಬಿ, ಸ್ಯಾನಿಟರಿ ಮತ್ತಿತರ ತಿರಸ್ಕೃತ ಕಸಕ್ಕೆ ಕೆಂಪು ಡಬ್ಬಿ, ಒಣ ಕಸಕ್ಕೆ ಚೀಲ. ಬೆಂಗಳೂರಿನ ಕ್ರಮವೇ ಹೆಚ್ಚು ವಿವೇಕದ್ದು ಎಂದು ನಾನು ಮೊದಲಿನಿಂದಲೂ ಹೇಳುತ್ತ ಬಂದಿದ್ದೇನೆ, ಏಕೆಂದರೆ ಒಣ ಕಸವನ್ನು ಸಂಗ್ರಹ ಕೇಂದ್ರಗಳಲ್ಲಿ ಕೈಯಿಂದಲೇ ವಿಂಗಡಿಸುತ್ತಾರೆ. ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ ಇಂದು ಆ ಕೇಂದ್ರಗಳಲ್ಲಿ ಕುಳಿತಿರುತ್ತಾರೆ. ಅವರ ಮೇಜಿನ ಮೇಲೆ ನಮ್ಮ ಡಯಾಪರ್ ಬಿಚ್ಚಿಕೊಳ್ಳುವಂತಾಗಬಾರದು. ಈಗ 2026ರ ಹೊಸ ನಿಯಮಗಳು ಸ್ಯಾನಿಟರಿ ಕಸವನ್ನು ಪ್ರತ್ಯೇಕ ವರ್ಗವಾಗಿಯೇ ಗುರುತಿಸಿರುವುದರಿಂದ ಗೊಂದಲ ಮುಗಿದಂತಾಯಿತು. ಡಯಾಪರಿನಲ್ಲಿರುವ ಮಲವನ್ನು ಮೊದಲು ಶೌಚಾಲಯಕ್ಕೆ ಹಾಕಿ, ಡಯಾಪರನ್ನು ಒಳಮುಖವಾಗಿ ಸುರುಳಿ ಸುತ್ತಿ, ಹಳೆಯ ಪತ್ರಿಕೆಯಲ್ಲಿ ಬಿಗಿಯಾಗಿ ಕಟ್ಟಿ, ಹೊರಗೆ ಕೆಂಪು ಬಣ್ಣದಿಂದ ಎದ್ದು ಕಾಣುವ ಗುರುತು ಮಾಡಿ, ಮುಚ್ಚಳವಿರುವ ಬೇರೆ ಡಬ್ಬಿಯಲ್ಲಿಟ್ಟು ಪ್ರತಿದಿನವೂ ಕೊಡಿ. ಇದು ಒಣ ಕಸದಂತೆ ವಾರಕ್ಕೆ ಎರಡು ದಿನ ಕೊಡುವ ವಸ್ತುವಲ್ಲ. ನಿತ್ಯದ ಆಟೋ ಇದನ್ನು ಒಯ್ಯಬೇಕು.

ಇನ್ಸುಲಿನ್ ಸೂಜಿಯನ್ನು ಮಾತ್ರ ಆ ಪೊಟ್ಟಣಕ್ಕೆ ಸೇರಿಸಲೇಬೇಡಿ. ಕಸ ಎತ್ತುವವರಿಗೆ ಕೈಗವಸು ಇದ್ದರೂ ಸೂಜಿ ಅದನ್ನು ದಾಟುತ್ತದೆ, ಮತ್ತು ಚುಚ್ಚಿಸಿಕೊಂಡವರು ತಿಂಗಳುಗಟ್ಟಲೆ ರಕ್ತಪರೀಕ್ಷೆಯ ಆತಂಕದಲ್ಲಿ ಬದುಕಬೇಕಾಗುತ್ತದೆ. ದಪ್ಪ ಪ್ಲಾಸ್ಟಿಕ್ಕಿನ ಡಬ್ಬಿಯೊಂದರಲ್ಲಿ, ಉದಾಹರಣೆಗೆ ಖಾಲಿಯಾದ ಫಿನಾಯಿಲ್ ಬಾಟಲಿಯಲ್ಲಿ, ಸೂಜಿಗಳನ್ನು ಹಾಕುತ್ತ ಹೋಗಿ, ಮುಕ್ಕಾಲು ತುಂಬಿದಾಗ ಮುಚ್ಚಳವನ್ನು ಟೇಪಿನಿಂದ ಬಿಗಿದು, ಒಳಗೆ ಸೂಜಿ ಇದೆಯೆಂದು ದೊಡ್ಡದಾಗಿ ಬರೆದು ಪ್ರತ್ಯೇಕವಾಗಿ ಕೊಡಬೇಕು. ಅತ್ತೆಯವರಿಗೆ ಚಿಕಿತ್ಸೆ ಕೊಡುವ ಆಸ್ಪತ್ರೆಯವರು ಅದನ್ನು ತೆಗೆದುಕೊಳ್ಳುತ್ತಾರೆಯೇ ಎಂದು ಒಮ್ಮೆ ಕೇಳಿ ನೋಡಿ; ಅವರಲ್ಲಿ ಇಂಥ ತ್ಯಾಜ್ಯವನ್ನು ವಿಲೇವಾರಿ ಮಾಡುವ ವ್ಯವಸ್ಥೆ ಕಾನೂನಿನಂತೆ ಇರಲೇಬೇಕು.

ನಾಲ್ಕು ಡಬ್ಬಿಯ ಸುದ್ದಿ ನಿಜ. 2016ರ ನಿಯಮಗಳ ಜಾಗದಲ್ಲಿ ಬಂದಿರುವ 2026ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಪ್ರಕಟವಾಗಿದ್ದು, ಹಸಿ, ಒಣ, ಸ್ಯಾನಿಟರಿ ಮತ್ತು ವಿಶೇಷ ಕಾಳಜಿಯ ಕಸವೆಂಬ ನಾಲ್ಕು ವಿಭಾಗಗಳನ್ನು ಮಾಡಿವೆ. ಕೊನೆಯದರಲ್ಲಿ ಬಣ್ಣದ ಡಬ್ಬಿ, ಬಲ್ಬು, ಪಾದರಸದ ಥರ್ಮಾಮೀಟರ್, ಅವಧಿ ಮುಗಿದ ಔಷಧಿ ಮುಂತಾದವು ಸೇರುತ್ತವೆ. ಹಾಗೆಂದು ಅಂಗಡಿಗೆ ಹೋಗಿ ನಾಲ್ಕು ಬಣ್ಣದ ಡಬ್ಬಿಗಳನ್ನು ಕೊಳ್ಳುವ ಅಗತ್ಯವಿಲ್ಲ. ಕೆಂಪು ಡಬ್ಬಿಯನ್ನು ಸರಿಯಾಗಿ ಬಳಸುತ್ತಿದ್ದ ಬೆಂಗಳೂರಿನ ಮನೆಗೆ ಹೊಸದಾಗಿ ಬೇಕಾದದ್ದು ಕಪಾಟಿನ ಮೇಲಿಡುವ ಒಂದು ರಟ್ಟಿನ ಪೆಟ್ಟಿಗೆ ಮಾತ್ರ. ಅದು ತುಂಬಲು ತಿಂಗಳುಗಳೇ ಬೇಕಾಗಬಹುದು. ಈ ನಾಲ್ಕನೆಯ ಬಗೆಯನ್ನು ಅಧಿಕೃತ ಸಂಸ್ಥೆಯ ಮೂಲಕವೋ ಗೊತ್ತುಪಡಿಸಿದ ಕೇಂದ್ರಗಳಲ್ಲೋ ಸಂಗ್ರಹಿಸಬೇಕೆಂಬುದು ನಿಯಮದ ಆಶಯವಾದ್ದರಿಂದ, ದಿನದ ಆಟೋದವರು ಅದನ್ನು ತೆಗೆದುಕೊಳ್ಳಲಿಲ್ಲವೆಂದು ಅವರೊಂದಿಗೆ ಜಗಳವಾಡುವುದು ಸಲ್ಲದು. ಹಳೆಯ ಮೊಬೈಲು, ಚಾರ್ಜರುಗಳಿಗೆ ಇ–ತ್ಯಾಜ್ಯದ ಬೇರೆಯೇ ನಿಯಮಗಳಿವೆ. ಮನೆ ದುರಸ್ತಿಯ ಇಟ್ಟಿಗೆ ಚೂರು, ಟೈಲ್ಸುಗಳನ್ನು ಇದಾವುದಕ್ಕೂ ಸೇರಿಸುವಂತಿಲ್ಲ.

ಒಣ ಕಸವನ್ನು ವಾರಕ್ಕೆರಡೇ ದಿನ ಒಯ್ಯುವುದು ಸೇವೆಯ ಕಡಿತವೆಂದು ನೀವು ಭಾವಿಸಿದಂತಿದೆ. ಅದು ಕಡಿತವಲ್ಲ. ಒಣ ಕಸ ತೂಕ ಕಡಿಮೆ, ಜಾಗ ಹೆಚ್ಚು. ದಿನವೂ ಒಯ್ದರೆ ಗಾಡಿಗಳು ಗಾಳಿ ತುಂಬಿಕೊಂಡು ಓಡಾಡಿದಂತೆ. ಕೊಳೆಯದ ವಸ್ತುವಾದ್ದರಿಂದ ಮನೆಯಲ್ಲಿ ಮೂರು ದಿನ ಇದ್ದರೆ ತೊಂದರೆಯಿಲ್ಲ, ತೊಳೆದಿದ್ದರೆ. ಹಾಲಿನ ಕವರನ್ನು ಕತ್ತರಿಸುವಾಗ ಮೂಲೆಯ ಚೂರನ್ನು ಪೂರ್ತಿ ಬೇರೆಯಾಗಿಸದೆ ಕವರಿಗೇ ಬಿಟ್ಟು, ಒಳಗೆ ನೀರು ಹಾಕಿ ಅಲ್ಲಾಡಿಸಿ ಒಣಹಾಕಿದರೆ ಅದು ಗುಜರಿಯಲ್ಲಿ ಬೆಲೆಯುಳ್ಳ ವಸ್ತು. ಹಾಲಿನ ಪಸೆ ಉಳಿದರೆ ಎರಡನೆಯ ದಿನಕ್ಕೆ ಇಡೀ ಚೀಲ ನಾರುತ್ತದೆ. ಚಿಪ್ಸ್ ಪೊಟ್ಟಣದಂತಹ ಹಲವು ಪದರಗಳ ಪ್ಲಾಸ್ಟಿಕ್ಕಿಗೆ ಕೊಳ್ಳುವವರಿಲ್ಲವಾದರೂ ಅದು ಹೋಗಬೇಕಾದದ್ದು ಒಣ ಕಸಕ್ಕೇ.

ಆಟೋ ತಪ್ಪಿದ ದಿನ ಮೇಲಿನ ಮನೆಯವರ ಕಸ ಏನಾಗುತ್ತದೆ ಎಂದು ನೀವು ಬರೆದಿಲ್ಲ, ಆದರೆ ಊಹಿಸಬಲ್ಲೆ: ಲೈಟ್ ಕಂಬದ ಬುಡಕ್ಕೆ ಹೋಗುತ್ತದೆ. ಒಬ್ಬರು ಇಟ್ಟ ಒಂದು ಕವರು ಸಂಜೆಯೊಳಗೆ ಇಪ್ಪತ್ತಾಗಿ, ವಾರದೊಳಗೆ ಆ ಕಂಬ ಪಾಲಿಕೆಯ ಪಟ್ಟಿಯಲ್ಲಿ ಬ್ಲ್ಯಾಕ್‌ಸ್ಪಾಟ್ ಆಗುತ್ತದೆ. 2025ರ ಅಕ್ಟೋಬರ್ ಕೊನೆಯಲ್ಲಿ, ರಸ್ತೆಗೆ ಕಸ ಎಸೆದವರನ್ನು ಪತ್ತೆ ಹಚ್ಚಿ ಅವರ ಮನೆಯ ಬಾಗಿಲಿಗೇ ಕಸ ಸುರಿದು ದಂಡ ವಸೂಲಿ ಮಾಡುವ ಕಾರ್ಯಕ್ರಮವನ್ನು ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ ನಡೆಸಿತು. ಜನರಿಗೆ ಬಿಸಿ ಮುಟ್ಟಿದ್ದು ಹೌದಾದರೂ ಆ ಕಸವನ್ನು ಸುರಿಯುವುದಕ್ಕೂ ಮತ್ತೆ ಎತ್ತುವುದಕ್ಕೂ ಕೆಲಸಗಾರರೇ ಬೇಕಾದ್ದರಿಂದ ನನಗೆ ಅದು ಹಿತವೆನಿಸಲಿಲ್ಲ. ಮನೆಯಲ್ಲಿ ಮಾಡಬಹುದಾದದ್ದು ಸರಳ. ಹಸಿ ಕಸದ ನೀರನ್ನು ಬಸಿದು, ಪ್ಲಾಸ್ಟಿಕ್ ಕವರು ಹಾಕದೆ, ಡಬ್ಬಿಯ ತಳಕ್ಕೆ ಪತ್ರಿಕೆ ಹಾಸಿ ಹಾಕಿದರೆ ಅದು ಮರುದಿನದವರೆಗೂ ಹೆಚ್ಚು ವಾಸನೆ ಬರದೆ ಇರುತ್ತದೆ. ಅವರೆಕಾಯಿಯ ಕಾಲದಲ್ಲಿ ಸಿಪ್ಪೆಯ ರಾಶಿಯೂ, ಆಯುಧಪೂಜೆಯ ಮರುದಿನ ಬಾಳೆಕಂದೂ ಕುಂಬಳದ ಹೋಳೂ ಎಲ್ಲ ಮನೆಗಳಿಂದ ಒಟ್ಟಿಗೆ ಬರುವುದರಿಂದ, ಅಂಥ ದಿನಗಳಲ್ಲಿ ಆಟೋ ತಡವಾಗುವುದನ್ನು ನಿರೀಕ್ಷಿಸಿಯೇ ಇರಬೇಕು. ಬಾಡಿಗೆದಾರರು ಬೇಗ ಹೊರಡುವುದಾದರೆ ಅವರ ಡಬ್ಬಿಗಳನ್ನು ನಿಮ್ಮ ಗೇಟಿನ ಒಳಗಿಟ್ಟು ಹೋಗಲು ಹೇಳಿ, ನಿಮ್ಮದರ ಜೊತೆ ಕೊಡುವ ಏರ್ಪಾಡು ಮಾಡಿಕೊಳ್ಳಿ. ಅವರ ಡಬ್ಬಿಯನ್ನು ಒಮ್ಮೆ ತೆರೆದು ನೋಡುವ ಅವಕಾಶವೂ ಇದರಿಂದ ಸಿಗುತ್ತದೆ.

ದೂರು ಕೊಡುವುದೆಲ್ಲಿ ಎಂಬುದೂ ಈ ನಡುವೆ ಬದಲಾಗಿದೆ. 2025ರ ಸೆಪ್ಟೆಂಬರ್ 2ರಿಂದ ಹಿಂದಿನ ಒಂದೇ ಮಹಾನಗರ ಪಾಲಿಕೆಯ ಬದಲು ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳಿದ್ದು, ರಾಜಾಜಿನಗರ ಬೆಂಗಳೂರು ಪಶ್ಚಿಮ ನಗರ ಪಾಲಿಕೆಗೆ ಸೇರುತ್ತದೆ. 1533ಕ್ಕೆ ಕರೆ ಮಾಡಿ ದೂರಿನ ಸಂಖ್ಯೆಯನ್ನು ಪಡೆಯಿರಿ, ಅದರ ಜೊತೆಗೇ ವಾರ್ಡಿನ ಆರೋಗ್ಯ ನಿರೀಕ್ಷಕರಿಗೆ ಬರವಣಿಗೆಯಲ್ಲಿ ತಿಳಿಸಿ. ಆಟೋ ಬರುವುದೇ ಇಲ್ಲ ಎಂದು ಬರೆದರೆ ಉತ್ತರ ಬರುವುದು ಕಷ್ಟ; ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ಒಣ ಕಸದ ಗಾಡಿ ಬರಲಿಲ್ಲ, ಇಂಥ ದಿನ ಇಂಥ ಸಂಖ್ಯೆಯ ಆಟೋ ಹಸಿ ಮತ್ತು ಒಣ ಕಸವನ್ನು ಒಂದೇ ತೊಟ್ಟಿಗೆ ಹಾಕಿತು ಎಂದು ಬರೆದರೆ, ಗುತ್ತಿಗೆದಾರನ ಬಿಲ್ಲು ತಡೆಯಲು ಅಧಿಕಾರಿಗೆ ಆಧಾರ ಸಿಗುತ್ತದೆ. ಫೋಟೋ ತೆಗೆಯುವಾಗ ಗಾಡಿಯ ಸಂಖ್ಯೆ ಮತ್ತು ತೊಟ್ಟಿಯನ್ನು ತೆಗೆಯಿರಿ, ಕೆಲಸಗಾರರ ಮುಖವನ್ನಲ್ಲ. ಬೀದಿಯ ನಾಲ್ಕಾರು ಮನೆಯವರು ಸೇರಿ ಸಹಿ ಹಾಕಿದ ದೂರಿಗೆ ಇನ್ನೂ ಬೆಲೆಯಿದೆ, ಆದರೆ ಆ ನಾಲ್ಕಾರು ಮನೆಯವರೂ ಬೇರ್ಪಡಿಸಿ ಕೊಡುತ್ತಿರಬೇಕು. ಇಲ್ಲವಾದರೆ ಗುತ್ತಿಗೆದಾರನ ಮೊದಲ ಉತ್ತರ ಅದೇ ಆಗಿರುತ್ತದೆ.

ಕಡೆಯದಾಗಿ ಬಾಡಿಗೆದಾರರ ಪಾಲು. ಶುಲ್ಕ ಆಸ್ತಿ ತೆರಿಗೆಯ ಜೊತೆ ಬರುವುದರಿಂದ ಪಾಲಿಕೆಯ ಮಟ್ಟಿಗೆ ಕಟ್ಟಬೇಕಾದವರು ಮಾಲೀಕರಾದ ನೀವೇ. ಬಾಡಿಗೆದಾರರು ಕೊಡಲಿಲ್ಲವೆಂದು ಪಾಲಿಕೆಗೆ ಹೇಳುವಂತಿಲ್ಲ. ಆದರೆ ಕಸ ಉತ್ಪಾದಿಸುವವರು ಎಂದು ನಿಯಮ ಕರೆಯುವವರಲ್ಲಿ ಅವರೂ ಇರುವುದರಿಂದ ನೀರು, ಮೋಟರು ಬಿಲ್ಲಿನಂತೆ ಇದನ್ನೂ ಹಂಚಿಕೊಳ್ಳಲು ಕೇಳುವುದರಲ್ಲಿ ಅನ್ಯಾಯವೇನಿಲ್ಲ. ಎರಡೂ ಮನೆ ಹೆಚ್ಚುಕಡಿಮೆ ಒಂದೇ ಅಳತೆಯವಾದರೆ ತಿಂಗಳಿಗೆ ತಲಾ 50 ರೂಪಾಯಿ ಆಗುತ್ತದೆ. ಕರಾರು ನವೀಕರಿಸುವಾಗ ಈ ಮೊತ್ತವನ್ನು ಬರೆಸಿ, ಕಸವನ್ನು ಬೇರ್ಪಡಿಸಿಯೇ ಕೊಡಬೇಕು, ಬೇರ್ಪಡಿಸದ್ದಕ್ಕೆ ದಂಡ ಬಿದ್ದರೆ ಅದನ್ನು ಅವರೇ ಭರಿಸಬೇಕು ಎಂಬ ಸಾಲನ್ನೂ ಅದರ ಕೆಳಗೆ ಸೇರಿಸಿಕೊಳ್ಳಿ.